ಹತ್ತನೆಯ ದಿನದ ಪಾಸ್‌ವರ್ಡ್

ಅಶ್ವತ್ಥಯ್ಯನವರ ಹೆಂಡತಿ ಆರು ವರ್ಷ ಪ್ರತಿ ಮಧ್ಯಾಹ್ನವೂ ಲ್ಯಾಪ್‌ಟಾಪಿನಲ್ಲಿ ಏನೋ ಬರೆಯುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಅದನ್ನು ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ರಿಪೇರಿಯವನು ನೋಡಿ, “ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದಾರೆ ಸಾರ್. ಪಾಸ್‌ವರ್ಡ್ ಇಲ್ದೆ ಒಂದಕ್ಷರಾನೂ ಓದಕ್ಕಾಗಲ್ಲ,” ಎಂದ.

ತಮ್ಮ ವಿಷಯವಾಗಿ ಏನು ಬರೆದಿಟ್ಟಿದ್ದಾಳೋ ಎಂಬ ಅಳುಕು ಅಶ್ವತ್ಥಯ್ಯನವರನ್ನು ಬಿಡಲಿಲ್ಲ. ಸೂತಕದ ದಿನಗಳಲ್ಲಿ ಗರುಡಪುರಾಣಕ್ಕೆ ಕಿವಿಗೊಡುವುದು ಬಿಟ್ಟು, ದೇವರ ನಾಮಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದರು. ಕೊನೆಗೆ ತಮ್ಮ ಹೆಸರನ್ನೂ ಒತ್ತಿದರು. ಅಷ್ಟು ಭಾಗ್ಯ ಅವರಿಗಿರಲಿಲ್ಲ.

ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಎಲೆಯ ಮೇಲೆ ಪಿಂಡ ಇಟ್ಟರು. ಕಾಗೆಯೊಂದು ಬಂದು ಎದುರಿನ ಕೊಂಬೆಯಲ್ಲಿ ಕುಳಿತಿತೇ ಹೊರತು ಕೆಳಗಿಳಿಯಲಿಲ್ಲ.

“ಅಮ್ಮನೋರಿಗೆ ಏನೋ ಆಸೆ ಉಳಿದಿದೆ. ನಡೆಸಿಕೊಡ್ತೀನಿ ಅಂತ ಮಾತು ಕೊಡಿ, ಆಗ ಮುಟ್ಟುತ್ತೆ,” ಎಂದರು ಪುರೋಹಿತರು.

“ನಿನ್ನ ಅಸ್ಥಿ ಕಾಶೀಲೇ ಬಿಡ್ತೀನಿ ಕಣೇ.”

ಕಾಗೆ ಕದಲಲಿಲ್ಲ.

“ನಿನ್ನ ತಂಗೀನ ಮನೆಗೆ ಕರೀತೀನಿ. ಹಳೇ ಜಗಳ ಎತ್ತೋದಿಲ್ಲ.”

ಕಾಗೆ ಕೊಂಬೆಗೆ ಕೊಕ್ಕು ತೀಡಿತು.

“ಮಾತ್ರೆ ಹೊತ್ತಿಗೆ ಸರಿಯಾಗಿ ತಗೋತೀನಿ.”

ಕಾಗೆ ಮುಖ ತಿರುಗಿಸಿಕೊಂಡಿತು. ಬಿಸಿಲು ನೆತ್ತಿಗೇರಿತು.

“ಇನ್ನೇನಾದ್ರೂ ಇದ್ಯಾ ಯೋಚನೆ ಮಾಡಿ, ಅಶ್ವತ್ಥಯ್ಯನೋರೇ. ಬಂದೋರೆಲ್ಲ ಹಸ್ಕೊಂಡಿದ್ದಾರೆ,” ಎಂದರು ಪುರೋಹಿತರು.

ಅಶ್ವತ್ಥಯ್ಯನವರು ತಲೆ ತಗ್ಗಿಸಿ, ಪಕ್ಕದವರಿಗೂ ಕೇಳದ ಹಾಗೆ ಮೆಲ್ಲಗೆ, “ಆಯ್ತು ಮಾರಾಯ್ತಿ, ನಿನ್ನ ಡಿಸ್ಕಿನ ತಂಟೆಗೆ ಬರೋದಿಲ್ಲ,” ಎಂದರು.

ಅವರು ತಲೆ ಎತ್ತುವುದರೊಳಗೆ ಎಲೆಯ ಮೇಲೆ ಒಂದು ಅಗುಳೂ ಉಳಿದಿರಲಿಲ್ಲ.