ನಮ್ಮ ಭಾಷೆ ಬಲ್ಲವನು

ಸ್ಪಿರಿಟ್ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಇನ್ನೊಂದು ಮಗುವಿಗೆ ಹರಕೆ ಹೊತ್ತಿದ್ದ ನನ್ನ ಯಾಡಿಯನ್ನು, ಅಂದರೆ ಅಮ್ಮನನ್ನು, ಅಜ್ಜಂಪುರದ ಕಡೆಯ ನಮ್ಮ ಲಂಬಾಣಿ ತಾಂಡಾದಿಂದ ಹೊಟ್ಟೆನೋವೆಂದು ಆಸ್ಪತ್ರೆಗೆ ಕರೆತಂದಿದ್ದೆವು. ಅವಳಿಗೆ ಕನ್ನಡ ಅಷ್ಟಾಗಿ ಬಾರದು. ತಾಂಡಾದವರಿಗೆ ನೆರವಾಗಲೆಂದೇ ಅಲ್ಲಿ ನಮ್ಮ ಜನದವನೊಬ್ಬನನ್ನು ಇಟ್ಟಿದ್ದರು. "ಗಡ್ಡೆ ತೆಗೀತಾರೆ, ಅಷ್ಟೇ" ಎಂದು ಅವನು ನಮ್ಮ ಭಾಷೆಯಲ್ಲಿ ಯಾಡಿಗೆ ಹೇಳಿದ. ಆಮೇಲೆ ನರ್ಸ್ ಕಡೆ ತಿರುಗಿ ಕನ್ನಡದಲ್ಲಿ, "ಇನ್ಮೇಲೆ ಮಕ್ಳು ಬೇಡ್ವಂತೆ ಸಿಸ್ಟರ್, ಅದನ್ನೂ ಮಾಡ್ಬಿಡಿ" ಎಂದ.

ಶಾಲೆಯಲ್ಲಿ ಕನ್ನಡ ಕಲಿತಿದ್ದ ನಾನು ಅದನ್ನು ಯಾಡಿಗೆ ಹೇಳಿದೆ. "ನಮ್ಮೋನು ಕಣೇ, ಹಂಗನ್ನಲ್ಲ" ಎಂದು ನನ್ನ ತಲೆ ಸವರಿ ಒಳಗೆ ಹೋದಳು.

ಇನ್ನು ಮಕ್ಕಳಾಗುವುದಿಲ್ಲವೆಂದು ಮರುದಿನ ನರ್ಸ್ ಹೇಳಿದ್ದನ್ನು ನಾನೇ ಅವಳಿಗೆ ತಿಳಿಸಬೇಕಾಯಿತು. ಸಂಜೆ ಅವನು ಬಂದು ನಮ್ಮ ಭಾಷೆಯಲ್ಲಿ, "ನೋವೈತಾ ಅಕ್ಕಾ?" ಎಂದ. ಯಾಡಿ ತನಗೆ ಬರುವ ಹರಕು ಕನ್ನಡದಲ್ಲಿ, "ನಾನ್ ನಿನ್ ಅಕ್ಕ ಅಲ್ಲ" ಎಂದಳು.