ತಾತನ ಕೋವಿಯ ಬೆಲೆ

ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ನೆನಪಾಗುವುದು ಅಜ್ಜಿ ಗೆದ್ದ ಆ ಮಧ್ಯಾಹ್ನ.

ಜಯಲಕ್ಷ್ಮಿಪುರಂನಲ್ಲಿ ಸೈಟು ಕೊಳ್ಳಲು ಅಪ್ಪನಿಗೆ ಮುನ್ನೂರು ರೂಪಾಯಿ ಕಡಿಮೆ ಬಿದ್ದಿತ್ತು. ತೀರಿಹೋದ ತಾತನ ಬೇಟೆ ರೈಫಲ್ ಮಾರಲು ಕೋವಿ ವ್ಯಾಪಾರಿಯನ್ನು ಮನೆಗೇ ಕರೆಸಿದ್ದರು. ವ್ಯಾಪಾರಿ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಬಿಚ್ಚಿ ಚಾಪೆಯ ಮೇಲಿಟ್ಟು, ನಳಿಗೆಯನ್ನು ಬೆಳಕಿಗೆ ಹಿಡಿದು ಇಣುಕಿದರು.

“ಒಳಗೆಲ್ಲ ತುಕ್ಕು ತಿಂದ್ಬುಟ್ಟಿದೆ ಸ್ವಾಮಿ. ನೂರು ರೂಪಾಯಿ ಕೊಡಬಹುದು.”

ಅಪ್ಪ ಒಪ್ಪಿ ತಲೆಯಾಡಿಸುವಷ್ಟರಲ್ಲಿ ಅಜ್ಜಿ ಎದ್ದರು. “ತಡಿಯೋ! ಅದು ತುಕ್ಕಲ್ಲ ಕಣೋ, ನನ್ನ ಹರಳೆಣ್ಣೆ. ನಿಮ್ಮಪ್ಪ ಹೋದಾಗಿಂದ ಶನಿವಾರ ಶನಿವಾರ ನಾನೇ ಬಿಡ್ತಿದ್ದೀನಿ.”

ಅಜ್ಜಿಯೇ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಯಿಂದ ನಳಿಗೆಯೊಳಗೆ ನೂಕಿದರು. ಅಂಟಂಟಾದ ಕಪ್ಪು ಜಿಡ್ಡು ಹೊರಬಂತು. ಬಟ್ಟೆ ಬೆಳ್ಳಗೆ ಬರುವವರೆಗೂ ಅವರು ಬಿಡಲಿಲ್ಲ. ಒಳಗಿನ ಸುರುಳಿ ಗೆರೆಗಳು ಬೆಳ್ಳಿಯಂತೆ ಹೊಳೆದವು.

“ಇನ್ನೂರು” ಎಂದರು ವ್ಯಾಪಾರಿ.

ಅಜ್ಜಿ ಖಾಲಿ ನಳಿಗೆಗೆ ಕಣ್ಣಿಟ್ಟು ಅವರನ್ನೇ ನೋಡಿದರು. “ತುಂಬಾ ಸಣ್ಣವರಾಗಿ ಕಾಣ್ತಿದ್ದೀರಲ್ಲ ಸಾಹೇಬ್ರೇ!”

ಅಪ್ಪ ನಕ್ಕೇಬಿಟ್ಟರು. ವ್ಯಾಪಾರಿಯೂ ನಗು ತಡೆಯಲಾರದೆ ಮುನ್ನೂರೈವತ್ತು ಕೊಟ್ಟರು. ಅಂದು ಸಂಜೆಯೇ ಅಜ್ಜಿ ಆ ಸೈಟಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು, “ಅಡಿಗೆಮನೆ ಇಲ್ಲಿ ಕಣೋ” ಎಂದರು.