ಬ್ರೇಕ್ ಹದವಾಗುವ ತನಕ

ಮುಳ್ಳು ಅರವತ್ತು ದಾಟಿದರೂ ಶ್ವೇತ ಬ್ರೇಕ್ ಮುಟ್ಟಲಿಲ್ಲ.

ಎಡಗಡೆ ಕೂತಿದ್ದ ಬೀರೇಶ ಡ್ಯಾಶ್‌ಬೋರ್ಡಿಗೆ ಕೈ ಊರಿದ. ತಾಳವಾಡಿ ಬಿಟ್ಟು ಎರಡು ಮೈಲಿ ಆಗಿತ್ತು. ಎರಡೂ ಬದಿಗೆ ಮುಸುಕಿನ ಜೋಳದ ಹೊಲ, ಮುಂದೆ ಖಾಲಿ ರಸ್ತೆ.

"ಈಗ ತುಳೀರಿ ಶ್ವೇತವ್ವ. ಮೆತ್ತಗೆ. ಪೂರ್ತಿ ನಿಲ್ಲುಸ್‌ಬ್ಯಾಡಿ."

ಅವಳ ಕಣ್ಣು ಒಮ್ಮೆ ತನ್ನ ಪಾದದತ್ತ ಇಳಿಯಿತು. ಆಮೇಲೆ ತುಳಿದಳು. ಕಾರು ಹತ್ತಕ್ಕೆ ಇಳಿಯಿತು.

"ಒಂದಾಯ್ತು," ಎಂದ ಬೀರೇಶ.

ಹೊಸ ಬ್ರೇಕ್ ಪ್ಯಾಡು, ಡಿಸ್ಕು ಹಾಕಿದ ಮೇಲೆ ಹೀಗೆ ಹತ್ತು ಸಲ ಮಾಡಬೇಕು. ಅರವತ್ತಕ್ಕೆ ಏರಿಸಬೇಕು, ಹತ್ತಕ್ಕೆ ಇಳಿಸಬೇಕು, ಮತ್ತೆ ಏರಿಸಬೇಕು. ಆ ಬಿಸಿಗೆ ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹದವಾಗುತ್ತವೆ. ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಗಾಳಿಗೆ ತಣಿಸಬೇಕು. ತಾಳವಾಡಿಯಲ್ಲಿ ಇದನ್ನು ಬೀರೇಶನಷ್ಟು ಕಟ್ಟುನಿಟ್ಟಾಗಿ ಮಾಡುವ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ. ಎರಡು ವರ್ಷದಿಂದ ಹಾಗೆ.

ಅದಕ್ಕೆ ಮುಂಚೆ ಒಂದು ಸಲ ಅವನು ಮಾಡಿರಲಿಲ್ಲ. ಅಂದು ತಂಗಿಯ ಸೀಮಂತ, ಅವಸರ. ಪಣಕಹಳ್ಳಿಯ ದಯಾನಂದನ ಕಾರಿಗೆ ಹೊಸ ಬ್ರೇಕ್ ಹಾಕಿ, "ನೀವೇ ನಾಕು ಸಲ ತುಳ್ಕಳಿ ಸೋಮಿ" ಎಂದು ಕೀಲಿ ಕೊಟ್ಟು ಹೊರಟಿದ್ದ. ಮರುದಿನ ಮಧ್ಯಾಹ್ನ ಜೀರಹಳ್ಳಿ ಕಡೆಯ ತಿರುವಿನಲ್ಲಿ ಆ ಕಾರು ರಸ್ತೆ ಬಿಟ್ಟು ಹಳ್ಳಕ್ಕೆ ಬಿತ್ತು. ದಯಾನಂದ ಹೊರಕ್ಕೆ ಎಸೆಯಲ್ಪಟ್ಟು ಸತ್ತ. ಜೊತೆಗಿದ್ದ ಹೆಂಡತಿ ಶ್ವೇತ ಉಳಿದುಕೊಂಡಳು. ಕಾರಿನ ಮುಂಭಾಗ ಜಜ್ಜಿಹೋಗಿತ್ತು. ನೋಡಲು ಬಂದವರಿಗೆ ಏನನ್ನೂ ಖಚಿತವಾಗಿ ಹೇಳಲಾಗಲಿಲ್ಲ.

ಊರು ಹೇಳಿತು, ಬ್ರೇಕ್ ಹಿಡಿಯಲಿಲ್ಲವೆಂದು. ಶ್ವೇತ ಬಾಯಿ ಬಿಡಲಿಲ್ಲ. ಬೀರೇಶನೂ ಇಲ್ಲ ಎನ್ನಲಿಲ್ಲ. ದಯಾನಂದನ ಅಪ್ಪ ಪುಟ್ಟಬಸಪ್ಪ ಗ್ಯಾರೇಜಿನ ಬಾಗಿಲಲ್ಲಿ ನಿಂತು, "ನಮ್ಮೂರ ಕಡೆ ತಲೆ ಆಕ್‌ಬ್ಯಾಡ ಕಣ್ಲಾ" ಎಂದು ಹೋದರು. ಅಲ್ಲಿಂದೀಚೆಗೆ ಪಣಕಹಳ್ಳಿಯ ಒಂದು ಬೈಕೂ ಅವನ ಬಳಿ ಬಂದಿರಲಿಲ್ಲ.

ಇಂದು ಬೆಳಿಗ್ಗೆ ಶ್ವೇತ ಬಂದಳು. ಹಳೆಯದೊಂದು ಕಾರು ನಿಲ್ಲಿಸಿ, "ಒಸ ಪ್ಯಾಡು, ಒಸ ಡಿಸ್ಕು ಆಕಿ. ಅವತ್ತು ಆಕುದ್ರಲ್ಲ, ಅಂಗೇ" ಎಂದಳು. ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದಳು. ಕೊನೆಗೆ ಸ್ಟೇರಿಂಗ್ ಹಿಂದೆ ಕೂತಳು. "ನಾನೇ ಓಡುಸ್ತೀನಿ. ನೀವು ಪಕ್ಕ ಕೂತ್ಕಳಿ."

ಗಂಡ ಹೋದ ಮೇಲೆ ಅವಳು ಚಾಮರಾಜನಗರಕ್ಕೆ ಹೋಗಿ ಕಾರು ಕಲಿತು ಬಂದಳೆಂದು ಜನ ಆಡಿಕೊಂಡಿದ್ದರು. ಆಗುವುದಿಲ್ಲ ಎನ್ನುವ ಮುಖ ಬೀರೇಶನಿಗಿರಲಿಲ್ಲ.

ನಾಲ್ಕನೆಯ ಸಲ ತುಳಿದ ಮೇಲೆ ಅವಳು ಕೇಳಿದಳು. "ಬೀರೇಶಣ್ಣ, ಇಂಗೆ ಹದ ಮಾಡ್ದಿದ್ರೆ ಬ್ರೇಕು ಇಡಿಯೋದೇ ಇಲ್ವಾ?"

"ಇಡೀತದೆ. ವಸಿ ಮುಂದಕ್ಕೋಗಿ ಇಡೀತದೆ."

"ಎಷ್ಟು ಮುಂದಕ್ಕೆ?"

ಎರಡು ವರ್ಷದಿಂದ ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. "ಐದ್ನೇದಕ್ಕೆ ಏರ್ಸಿ," ಎಂದ.

ಏಳನೆಯದಕ್ಕೆ ಸುಟ್ಟ ವಾಸನೆ ಬಂತು. "ಎದ್ರುಬ್ಯಾಡಿ, ಒಸದ್ರಲ್ಲಿ ಅಂಗೇ" ಎನ್ನುತ್ತ ಅವಳತ್ತ ತಿರುಗಿದ. ಬಲ ಹೆಗಲ ಮೇಲೆ ಹೊದ್ದಿದ್ದ ಸೆರಗು ಗಾಳಿಗೆ ಸರಿದಿತ್ತು. ಕೊರಳ ಬುಡದಿಂದ ಓರೆಯಾಗಿ ಇಳಿದ ಗಾಯದ ಕಲೆ; ಅಂದು ಸೀಟ್ ಬೆಲ್ಟು ಕೊಯ್ದದ್ದು. ಬೀರೇಶ ಥಟ್ಟನೆ ಕಣ್ಣು ತೆಗೆದ. ಅದೂ ತನ್ನ ಕೈಯಿಂದಲೇ ಆದದ್ದು ಅನ್ನಿಸಿತು.

ಹತ್ತು ಮುಗಿಯಿತು. "ಇನ್ನು ಬ್ರೇಕ್ ಮುಟ್‌ಬ್ಯಾಡಿ. ನಿಧಾನಕ್ಕೆ ತಾಳವಾಡಿ ಕಡೆ ತಿರುಗ್ಸಿ."

ಅವಳು ಜೀರಹಳ್ಳಿ ಕಡೆಗೆ ತಿರುಗಿಸಿದಳು.

ಕಾಡು ಹತ್ತಿರವಾಯಿತು. ಆ ತಿರುವು ಕಂಡಿತು. ಬೀರೇಶನ ಕೈ ತಾನಾಗಿ ಬಾಗಿಲಿನ ಹಿಡಿಕೆಗೆ ಹೋಯಿತು, ಅಲ್ಲೇ ನಿಂತಿತು. ಇಳಿದು ಓಡಿ ಹೋಗುವುದಾದರೂ ಎಲ್ಲಿಗೆ? ಶ್ವೇತ ಗೇರ್ ಇಳಿಸಿದಳು. ಕಾರು ಗೊಣಗುತ್ತ ತಿರುವು ದಾಟಿತು. ಅವಳ ಗಲ್ಲದ ಮೇಲೆ ನೀರು ಹರಿದಿತ್ತು.

"ನನ್ ತಪ್ಪು ಕಣವ್ವ," ಎಂದ ಬೀರೇಶ. "ಅವತ್ತು ನಾನೇ ಇಂಗೆ ಓಡ್ಸಿ ಕೊಡ್ಬೇಕಾಗಿತ್ತು. ನೀವು ಏನ್ ಮಾಡುದ್ರೂ ಮಾಡಿ."

"ಈ ಮಾತ ಇಲ್ಲಿ ಏಳಿ ಏನು ಬಂತು? ಮಾವನ ಮುಂದಕ್ಕೆ ಬನ್ನಿ."

ಪಣಕಹಳ್ಳಿಯಲ್ಲಿ ಪುಟ್ಟಬಸಪ್ಪ ಜಗುಲಿಯ ಮೇಲೆ ಕೂತಿದ್ದರು. ಸುತ್ತ ಊರಿನ ಐದಾರು ಹಿರಿಯರು. ಹೇಳಿ ಕರೆಸಿದಂತಿತ್ತು. ಬೀರೇಶ ಇಳಿದದ್ದೇ ಎಲ್ಲರೂ ಎದ್ದು ನಿಂತರು. ಒಬ್ಬ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಬಿಗಿದ.

"ಇವ್ನ ಯಾಕವ್ವ ಕರ್ಕಂಬಂದೆ?" ಎಂದರು ಪುಟ್ಟಬಸಪ್ಪ.

"ನೀವೇ ಕೇಳ್ತಿದ್ರಲ್ಲ ಮಾವ, ಅವತ್ತು ಏನಾಯ್ತು ಅಂತ. ಎಲ್ರು ಮುಂದೆ ಗೊತ್ತಾಗ್ಲಿ ಅಂತ."

ಪುಟ್ಟಬಸಪ್ಪ ಮೆಟ್ಟಿಲಿಳಿದು ಬೀರೇಶನ ಎದುರು ನಿಂತರು. "ಬಾಯ್ ಬುಡ್ಲಾ. ನನ್ ಮಗನ್ನ ಕೊಂದೋನು ನೀನೇ ತಾನೆ?"

ಬೀರೇಶ ಅವರ ಕಾಲಿಗೆ ಬೀಳಲು ಬಾಗಿದ. ಶ್ವೇತ ಅವನ ತೋಳು ಹಿಡಿದು ಎತ್ತಿ ನಿಲ್ಲಿಸಿದಳು. ತಾನು ನಡುವೆ ಬಂದು ನಿಂತಳು.

"ಅವತ್ತು ಅವ್ರು ನಂಗೆ ಗಾಡಿ ಕಲಿಸ್ತಿದ್ರು ಮಾವ, ಬ್ರೇಕ್ ಅಂದ್ಕಂಡು ನಾನು ಪಕ್ಕದ ಎಕ್ಸಲೇಟರ್ ತುಳ್ದ್‌ಬುಟ್ಟೆ."